ಆಕಾಶದಿಂದ ಪಟ್ಟಿ, ಏಣಿಯಿಂದ ತೀರ್ಪು: ಆಲಿಕಲ್ಲು ಬಡಿದ ಚಾವಣಿ ಹುಡುಕಲು ಹತ್ತು ಸೂತ್ರಗಳು

ಉತ್ತರ ಟೆಕ್ಸಾಸ್‌ನಲ್ಲಿ ಮಾರ್ಚ್‌ನಿಂದ ಜೂನ್‌ವರೆಗೆ ಸಂಜೆ ಮೋಡ ಕಟ್ಟಿತೆಂದರೆ ಜನ ಮೊದಲು ಕಾರನ್ನು ಗ್ಯಾರೇಜಿಗೆ ಸೇರಿಸುತ್ತಾರೆ. ಕಾರನ್ನೇನೋ ಒಳಗಿಡಬಹುದು, ಚಾವಣಿಯನ್ನು ಎಲ್ಲಿಡುವುದು? 2016ರ ಏಪ್ರಿಲ್ 11ರಂದು ಡಲ್ಲಾಸ್ ಬಳಿಯ ವೈಲಿ ಪಟ್ಟಣದಲ್ಲಿ ಆಲಿಕಲ್ಲುಗಳು ಚಾವಣಿಯನ್ನೇ ತೂತು ಮಾಡಿದವು. ಮರುದಿನ ಸ್ಯಾನ್ ಆಂಟೋನಿಯೊ ನಗರದ ಸರದಿ. ಮುಂದಿನ ವರ್ಷ ಮೇ 8ರಂದು ಕೊಲರಾಡೊದ ಡೆನ್ವರ್. ಅಲ್ಲಿ ವಿಮೆಗೆ ಒಳಪಟ್ಟ ನಷ್ಟವೇ 200 ಕೋಟಿ ಡಾಲರ್ ದಾಟಿತು.

ಆಲಿಕಲ್ಲು ಬೀಳುವುದು ಕೆಲವೇ ನಿಮಿಷ. ಪೆಟ್ಟು ತಿಂದ ಮನೆಗಳನ್ನು ಹುಡುಕುವ ಕೆಲಸ ಮಾತ್ರ ತಿಂಗಳುಗಟ್ಟಲೆ ನಡೆಯುತ್ತದೆ. ರೂಫಿಂಗ್ ಗುತ್ತಿಗೆದಾರರು, ವಿಮಾ ಕಂಪನಿಯ ಪರವಾಗಿ ನಷ್ಟ ಅಳೆಯುವ ಅಡ್ಜಸ್ಟರ್‌ಗಳು, ನಕ್ಷೆ ಮತ್ತು ದತ್ತಾಂಶದ ಕೆಲಸ ಮಾಡುವ ಎಂಜಿನಿಯರ್‌ಗಳು ಈಗ ಇದಕ್ಕೆ ಉಪಗ್ರಹ ಚಿತ್ರಗಳ ನೆರವು ಪಡೆಯುತ್ತಿದ್ದಾರೆ. ಡಲ್ಲಾಸ್‌ನಲ್ಲಿರಲಿ, ಬೆಂಗಳೂರಿನಲ್ಲಿರಲಿ, ಈ ಕೆಲಸಕ್ಕೆ ಕೈಹಾಕುವ ಕನ್ನಡಿಗರಿಗಾಗಿ ಈ ಹತ್ತು ಸೂತ್ರಗಳು. ಎಲ್ಲದರ ತಳದಲ್ಲಿರುವ ಮಾತು ಒಂದೇ: ಯಾವ ಮನೆಗೆ ಮೊದಲು ಏಣಿ ಹಾಕಬೇಕೆಂದು ಉಪಗ್ರಹ ಹೇಳಬಲ್ಲದು. ಆ ಚಾವಣಿ ಕೆಟ್ಟಿದೆಯೇ ಎಂಬ ತೀರ್ಪು ಏಣಿ ಹತ್ತಿದವರದ್ದು.

1. ಮೊದಲು ಪಿಕ್ಸೆಲ್ ಲೆಕ್ಕ ಹಾಕಿ

ಒಂದು ಮನೆಯ ಚಾವಣಿ 12 ಮೀಟರ್ ಅಗಲ, 15 ಮೀಟರ್ ಉದ್ದ ಇದೆ ಎಂದುಕೊಳ್ಳಿ. ಯುರೋಪಿನ ಸೆಂಟಿನೆಲ್-2 ಉಪಗ್ರಹಗಳ ಚಿತ್ರ ಪುಕ್ಕಟೆಯಾಗಿ ಸಿಗುತ್ತದೆ. ಐದು ದಿನಕ್ಕೊಮ್ಮೆ ಹೊಸದು ಬರುತ್ತದೆ. ಆದರೆ ಅದರ ಒಂದು ಪಿಕ್ಸೆಲ್ 10 ಮೀಟರ್. ಅಂದರೆ ಇಡೀ ಚಾವಣಿ ಎರಡು ಪಿಕ್ಸೆಲ್‌ನಲ್ಲಿ ಮುಗಿದುಹೋಗುತ್ತದೆ. 2014ರಲ್ಲಿ ಹಾರಿದ ವರ್ಲ್ಡ್‌ವ್ಯೂ-3ರ ಪಿಕ್ಸೆಲ್ ಸುಮಾರು 30 ಸೆಂಟಿಮೀಟರ್. ಅದೇ ಚಾವಣಿ ಅದರಲ್ಲಿ 2,000 ಪಿಕ್ಸೆಲ್ ಆಗುತ್ತದೆ. ನಮ್ಮ ಇಸ್ರೋ 2019ರ ನವೆಂಬರ್‌ನಲ್ಲಿ ಹಾರಿಸಿದ ಕಾರ್ಟೊಸ್ಯಾಟ್-3 ಕೂಡ ಹೆಚ್ಚುಕಡಿಮೆ ಇದೇ ಸಾಲಿನದು.

ಇನ್ನು ಆಲಿಕಲ್ಲಿನ ಗುರುತು ಎಷ್ಟು ದೊಡ್ಡದು? ಎರಡು, ಮೂರು ಸೆಂಟಿಮೀಟರ್. 30 ಸೆಂಟಿಮೀಟರ್ ಪಿಕ್ಸೆಲ್‌ನಲ್ಲಿ ಅದು ಕಾಣುವುದಿಲ್ಲ. ಈ ಒಂದು ಲೆಕ್ಕ ತಲೆಯಲ್ಲಿದ್ದರೆ ಚಿತ್ರದಿಂದ ಏನು ಕೇಳಬೇಕು, ಏನು ಕೇಳಬಾರದು ಎಂಬುದು ತಾನಾಗಿ ತಿಳಿಯುತ್ತದೆ.

2. ಪೆಟ್ಟು ಹೇಗಿರುತ್ತದೆ ಎಂದು ಕೈಯಲ್ಲಿ ಮುಟ್ಟಿ ಕಲಿಯಿರಿ

ಅಮೆರಿಕದ ಹೆಚ್ಚಿನ ಮನೆಗಳಿಗೆ ನಮ್ಮಂತೆ ಆರ್‌ಸಿಸಿ ತಾರಸಿ ಇಲ್ಲ. ಮರದ ಹಲಗೆ, ಅದರ ಮೇಲೊಂದು ನೀರು ತಡೆಯುವ ಹಾಳೆ, ಅದರ ಮೇಲೆ ಡಾಂಬರಿನ ಶಿಂಗಲ್. ಶಿಂಗಲ್ ಮೈಗೆ ಸಣ್ಣ ಕಲ್ಲಿನ ಹರಳು ಅಂಟಿಸಿರುತ್ತಾರೆ. ಬಿಸಿಲು ಡಾಂಬರನ್ನು ತಿನ್ನದಂತೆ ಕಾಯುವುದು ಆ ಹರಳೇ.

ಆಲಿಕಲ್ಲು ಬಿದ್ದ ಜಾಗವನ್ನು ಹತ್ತಿರದಿಂದ ನೋಡಿ. ನಾಣ್ಯದಗಲ ಹರಳು ಉದುರಿ ಕಪ್ಪು ಡಾಂಬರು ಇಣುಕುತ್ತಿರುತ್ತದೆ. ಹೆಬ್ಬೆರಳಿನಿಂದ ಒತ್ತಿದರೆ ಒಳಗಿನ ಪದರ ಮುರಿದು ಮೆತ್ತಗಾಗಿರುವುದು ಗೊತ್ತಾಗುತ್ತದೆ. ಹೊಡೆತಗಳಿಗೆ ಸಾಲಿಲ್ಲ, ಕ್ರಮವಿಲ್ಲ; ಚದುರಿ ಬಿದ್ದಿರುತ್ತವೆ. ಗಟರಿನ ತುಂಬ ಉದುರಿದ ಹರಳು. ಕೆಳಗೆ ಎಸಿ ಯಂತ್ರದ ತೆಳು ಅಲ್ಯೂಮಿನಿಯಂ ರೆಕ್ಕೆಗಳು ಒಂದೇ ಕಡೆಯಿಂದ ಚಪ್ಪಟೆಯಾಗಿರುತ್ತವೆ. ಬಿಸಿಲಿಗೆ ಉಬ್ಬಿ ಒಡೆದ ಶಿಂಗಲ್, ಕೆಲಸಗಾರರ ಬೂಟು ಉಜ್ಜಿದ ಗುರುತು, ಹಳತಾಗಿ ಸವೆದದ್ದು ಇವೆಲ್ಲ ಬೇರೆ. ಈ ವ್ಯತ್ಯಾಸ ಹಿಡಿಯಲು ಬಾರದವರು ಪರದೆಯ ಮೇಲೆ ಏನನ್ನು ಗುರುತಿಸಿದರೂ ಅದನ್ನು ನಂಬುವಂತಿಲ್ಲ.

3. ಆಲಿಕಲ್ಲು ನಡೆದ ದಾರಿಯನ್ನು ರೇಡಾರ್‌ನಿಂದ ಹಿಡಿಯಿರಿ

ಚಾವಣಿ ಚಿತ್ರ ಕೊಳ್ಳುವ ಮೊದಲು ರೇಡಾರ್ ನೋಡಿ. ಅಮೆರಿಕದ ಹವಾಮಾನ ಇಲಾಖೆಗೆ ಸುಮಾರು 160 ಡಾಪ್ಲರ್ ರೇಡಾರ್‌ಗಳ ಜಾಲವಿದೆ. ಅವುಗಳ ಮಾಹಿತಿಯನ್ನು ಒಟ್ಟುಗೂಡಿಸಿ, ಒಂದು ಕಿಲೋಮೀಟರ್ ಚೌಕಕ್ಕೆ ಒಂದರಂತೆ, ಬಿದ್ದಿರಬಹುದಾದ ಆಲಿಕಲ್ಲಿನ ಗರಿಷ್ಠ ಗಾತ್ರದ ಅಂದಾಜನ್ನು ಎರಡು ನಿಮಿಷಕ್ಕೊಮ್ಮೆ ಹೊರಡಿಸುತ್ತಾರೆ. ಅದನ್ನು ನಕ್ಷೆಯ ಮೇಲೆ ಹಾಸಿದರೆ ಆಲಿಕಲ್ಲಿನ ಪಟ್ಟೆ ಉದ್ದಕ್ಕೆ ಎದ್ದು ಕಾಣುತ್ತದೆ. ಆ ಪಟ್ಟೆಯ ಆಚೆಯ ಮನೆಗಳನ್ನು ಅಲ್ಲಿಗೇ ಬಿಡಬಹುದು.

ಎರಡು ಎಚ್ಚರಿಕೆ. ಈ ಅಂದಾಜು ಅನೇಕ ಸಲ ನಿಜಕ್ಕಿಂತ ದೊಡ್ಡದಿರುತ್ತದೆ. ರೇಡಾರ್ ನೋಡುವುದು ಮೇಲಿನ ಮೋಡವನ್ನು; ಕಲ್ಲು ನೆಲ ಮುಟ್ಟುವಷ್ಟರಲ್ಲಿ ಗಾಳಿ ಅದನ್ನು ಪಕ್ಕಕ್ಕೆ ಒಯ್ದಿರುತ್ತದೆ. ಹಾಗಾಗಿ ಪಟ್ಟೆಯ ಅಂಚನ್ನು ಗೆರೆ ಹೊಡೆದಂತೆ ನಂಬಬೇಡಿ, ಸ್ವಲ್ಪ ಅಗಲಿಸಿಕೊಳ್ಳಿ. ಜನರು ಕಳಿಸಿದ ಆಲಿಕಲ್ಲಿನ ವರದಿಗಳನ್ನೂ ಸ್ವಯಂಸೇವಕರ ಅಳತೆಗಳನ್ನೂ ಪಕ್ಕದಲ್ಲಿಟ್ಟು ಹೋಲಿಸಿ. 2010ರಿಂದ ಅಮೆರಿಕದಲ್ಲಿ ಒಂದು ಇಂಚು, ಅಂದರೆ ಎರಡೂವರೆ ಸೆಂಟಿಮೀಟರ್ ಅಥವಾ ಅದಕ್ಕಿಂತ ದೊಡ್ಡ ಆಲಿಕಲ್ಲನ್ನೇ 'ತೀವ್ರ' ಎಂದು ಎಣಿಸುತ್ತಾರೆ. ನಿಮ್ಮ ಹುಡುಕಾಟವೂ ಅಲ್ಲಿಂದಲೇ ಶುರುವಾಗಲಿ.

4. ಊರಿಗಿಂತ ಮೊದಲು ಹೊಲ ನೋಡಿ

ಸೆಂಟಿನೆಲ್‌ಗೆ ಚಾವಣಿ ಕಾಣದಿದ್ದರೂ ಬೆಳೆ ಕಾಣುತ್ತದೆ. ಆಲಿಕಲ್ಲು ಬಡಿದ ಗೋಧಿ, ಜೋಳದ ಎಲೆ ಹರಿದು ನೆಲ ಕಚ್ಚುತ್ತದೆ. ಹಸಿರಿನ ಸೂಚ್ಯಂಕ ಕುಸಿಯುತ್ತದೆ. ನೆಬ್ರಾಸ್ಕ, ಸೌತ್ ಡಕೋಟ ಬಯಲಿನಲ್ಲಿ ಇಂಥ ಕಂದು ಪಟ್ಟೆಗಳು ಎಷ್ಟು ಉದ್ದಕ್ಕಿರುತ್ತವೆಂದರೆ, 250 ಮೀಟರ್ ಪಿಕ್ಸೆಲ್‌ನ ನಾಸಾ ಚಿತ್ರಗಳಲ್ಲೂ ಅವು ಸ್ಪಷ್ಟವಾಗಿ ಕಂಡಿವೆ.

ಊರಿನ ಪಶ್ಚಿಮದ ಹೊಲದಲ್ಲಿ ಒಂದು ಕಂದು ಪಟ್ಟೆ, ಪೂರ್ವದ ಹೊಲದಲ್ಲಿ ಅದೇ ನೇರಕ್ಕೆ ಇನ್ನೊಂದು ಇದ್ದರೆ ನಡುವಿನ ಬಡಾವಣೆಯ ಮೇಲೆ ಏನು ಬಿದ್ದಿರಬೇಕೆಂದು ಊಹಿಸಬಹುದು. ಟೆಕ್ಸಾಸ್‌ನಲ್ಲಿ ಮೇ ತಿಂಗಳಿಗೆ ಗೋಧಿ ತಾನಾಗಿಯೇ ಹಣ್ಣಾಗಿ ಹಳದಿ ತಿರುಗುತ್ತದೆ ಎಂಬುದು ನೆನಪಿರಲಿ. ಪಟ್ಟೆಯ ಹೊರಗಿನ ಹೊಲ ಇನ್ನೂ ಹಸಿರಾಗಿದೆಯೇ ಎಂದು ನೋಡದೆ ತೀರ್ಮಾನಕ್ಕೆ ಬರಬೇಡಿ.

5. ಬಿರುಗಾಳಿಗೆ ಮುಂಚಿನ ಚಿತ್ರ ಕೈಯಲ್ಲಿರಲಿ

ಮುಂಚಿನ ಚಿತ್ರವಿಲ್ಲದೆ ಆಮೇಲಿನ ಚಿತ್ರ ನೋಡಿದರೆ ಹತ್ತು ವರ್ಷದ ಕಲೆಯೂ ನಿನ್ನೆಯ ಪೆಟ್ಟಿನಂತೆ ಕಾಣುತ್ತದೆ. ಎರಡೂ ಚಿತ್ರಗಳಲ್ಲಿ ಸೂರ್ಯನ ಎತ್ತರ, ಉಪಗ್ರಹ ಓರೆಯಾಗಿ ನೋಡಿದ ಕೋನ ಆದಷ್ಟು ಒಂದೇ ಇರಲಿ; ಇಲ್ಲದಿದ್ದರೆ ನೆರಳೇ ಹಾನಿಯ ವೇಷ ಹಾಕುತ್ತದೆ. ಮಳೆ ನಿಂತ ಕೂಡಲೇ ತೆಗೆದ ಚಿತ್ರದಲ್ಲಿ ಒದ್ದೆ ಚಾವಣಿ ಕಪ್ಪಾಗಿ ಕಾಣುತ್ತದೆ. ಒಣಗಿದ ದಿನದ ಚಿತ್ರಕ್ಕೆ ಕಾಯಿರಿ. ಗೂಗಲ್ ಅರ್ಥ್‌ನ ಹಳೆಯ ಚಿತ್ರಗಳನ್ನು ತಿರುವಿದರೆ ಚಾವಣಿಯ ಬಣ್ಣ ಯಾವ ವರ್ಷ ಬದಲಾಯಿತು, ಅಂದರೆ ಹೊಸ ಶಿಂಗಲ್ ಯಾವಾಗ ಹಾಕಿಸಿದರು ಎಂಬುದೂ ಸಿಗುತ್ತದೆ.

6. ಚಾವಣಿ ಯಾವ ವಸ್ತುವಿನದು ಎಂದು ವಿಂಗಡಿಸಿ

ಒಂದೇ ಆಲಿಕಲ್ಲು ಬೇರೆ ಬೇರೆ ಚಾವಣಿಗೆ ಬೇರೆ ಬೇರೆ ಗಾಯ ಮಾಡುತ್ತದೆ. ಹೆಂಚು, ಸ್ಲೇಟು ಒಡೆಯುತ್ತವೆ. ದೊಡ್ಡದಾಗಿ ಒಡೆದರೆ 30 ಸೆಂಟಿಮೀಟರ್ ಚಿತ್ರದಲ್ಲೂ ಸುಳಿವು ಸಿಗಬಹುದು. ಲೋಹದ ತಗಡಿನಲ್ಲಿ ಕುಳಿ ಬೀಳುತ್ತದೆ, ಆದರೆ ಅದು ಸೋರದೇ ಇರಬಹುದು. ಮಾಲ್, ಗೋದಾಮುಗಳ ಚಪ್ಪಟೆ ಚಾವಣಿಯಲ್ಲಿ ಗಾಜಿನ ಕಿಂಡಿ, ಯಂತ್ರಗಳ ಸುತ್ತಲಿನ ಸಂದು ಮೊದಲು ಸೋಲುತ್ತವೆ. 2017ರ ಡೆನ್ವರ್ ಆಲಿಕಲ್ಲಿಗೆ ಸಿಕ್ಕ ಕೊಲರಾಡೊ ಮಿಲ್ಸ್ ಮಾಲ್‌ನ ಚಾವಣಿ ಕೆಟ್ಟು ನೀರು ಒಳಗೆ ನುಗ್ಗಿತು. ಮಾಲ್ ತಿಂಗಳುಗಟ್ಟಲೆ ಬಾಗಿಲು ಮುಚ್ಚಿತು.

ಪೆಟ್ಟು ತಾಳುವ ಶಿಂಗಲ್‌ಗಳೂ ಇವೆ. ಎರಡಿಂಚಿನ ಉಕ್ಕಿನ ಗುಂಡನ್ನು 20 ಅಡಿ ಎತ್ತರದಿಂದ ಒಂದೇ ಜಾಗಕ್ಕೆ ಎರಡು ಸಲ ಬೀಳಿಸಿದರೂ ಬಿರುಕು ಬಿಡದಿದ್ದರೆ ಅವಕ್ಕೆ 'ಕ್ಲಾಸ್ 4' ದರ್ಜೆ. ಅಕ್ಕಪಕ್ಕದ ಎರಡು ಮನೆಗಳಲ್ಲಿ ಒಂದಕ್ಕೆ ಅಂಥ ಶಿಂಗಲ್ ಇದ್ದರೆ ಮೇಲಿನಿಂದ ಎರಡೂ ಒಂದೇ ಥರ ಕಾಣುತ್ತವೆ. ಮನೆಯವರನ್ನು ಕೇಳಿಯೇ ತಿಳಿಯಬೇಕು.

7. ಹಾನಿ ಕಾಣದಿದ್ದರೆ ಹಾನಿಯ ಹೆಜ್ಜೆಗುರುತು ಹುಡುಕಿ

ಚಾವಣಿಯ ಕುಳಿ ಕಾಣದಿದ್ದರೂ ಅದಕ್ಕೆ ಹೊದಿಸಿದ ಟಾರ್ಪಾಲು ಕಾಣುತ್ತದೆ. 1999ರ ಏಪ್ರಿಲ್ 14ರ ಸಿಡ್ನಿ ಆಲಿಕಲ್ಲು ಮಳೆ ಹೆಂಚು, ಸ್ಲೇಟುಗಳನ್ನು ಪುಡಿಗಟ್ಟಿದ ಮೇಲೆ ನಗರದ ಪೂರ್ವದ ಬಡಾವಣೆಗಳಲ್ಲಿ ಸಾಲುಸಾಲು ಚಾವಣಿಗಳು ಟಾರ್ಪಾಲು ಹೊದ್ದು ನಿಂತಿದ್ದವು. ನಂತರದ ವಾರಗಳಲ್ಲಿ ಇನ್ನೂ ಸುಳಿವು ಸಿಗುತ್ತವೆ: ಮನೆಯ ಮುಂದೆ ಹಳೆ ಶಿಂಗಲ್ ತುಂಬುವ ದೊಡ್ಡ ತೊಟ್ಟಿ, ಒಂದೇ ಬೀದಿಯಲ್ಲಿ ಒಟ್ಟೊಟ್ಟಿಗೆ ಬಣ್ಣ ಬದಲಿಸಿದ ನಾಲ್ಕಾರು ಚಾವಣಿ, ಎಲೆ ಉದುರಿ ಬೋಳಾದ ಮರಗಳು. ಗೋಡೆಯನ್ನು ಮರೆಯಬೇಡಿ. 2020ರ ಜೂನ್ 13ರಂದು ಕೆನಡಾದ ಕ್ಯಾಲ್ಗರಿಯ ಈಶಾನ್ಯ ಭಾಗದಲ್ಲಿ ಗಾಳಿ ಹೊತ್ತು ತಂದ ಆಲಿಕಲ್ಲು ಮನೆಗಳ ವಿನೈಲ್ ಹೊದಿಕೆಯನ್ನೇ ಜರಡಿ ಮಾಡಿತು. ನೇರ ಮೇಲಿನಿಂದ ತೆಗೆದ ಚಿತ್ರದಲ್ಲಿ ಗೋಡೆ ಕಾಣದು. ಓರೆಯಾಗಿ ತೆಗೆದ ಚಿತ್ರ ಬೇಕು.

8. ಉಪಗ್ರಹ ಸೋತಲ್ಲಿ ವಿಮಾನ, ಅದೂ ಸೋತಲ್ಲಿ ಡ್ರೋನ್

ವಿಮಾನದಿಂದ ತೆಗೆದ ಚಿತ್ರಗಳ ಪಿಕ್ಸೆಲ್ ಆರೇಳು ಸೆಂಟಿಮೀಟರಿಗೆ ಇಳಿಯುತ್ತದೆ. ನಮ್ಮ 12x15 ಮೀಟರ್ ಚಾವಣಿ ಅದರಲ್ಲಿ ಮೂವತ್ತು ಸಾವಿರಕ್ಕೂ ಹೆಚ್ಚು ಪಿಕ್ಸೆಲ್. ಕಿತ್ತುಹೋದ ಶಿಂಗಲ್, ಒಡೆದ ಕಿಂಡಿ, ತೇಪೆ ಎಲ್ಲ ಕಾಣುತ್ತವೆ. ನಾಣ್ಯದಗಲದ ಪೆಟ್ಟು ಬೇಕೆಂದರೆ ಡ್ರೋನ್ ಹಾರಿಸಬೇಕು. ಅಮೆರಿಕದಲ್ಲಿ ದುಡಿಮೆಗಾಗಿ ಡ್ರೋನ್ ಹಾರಿಸಲು ವಿಮಾನಯಾನ ಇಲಾಖೆಯ 'ಪಾರ್ಟ್ 107' ಪರವಾನಗಿ ಬೇಕು, ಮನೆಯವರ ಒಪ್ಪಿಗೆಯೂ ಬೇಕು. ಇಡೀ ನಗರಕ್ಕೆ ದುಬಾರಿ ಚಿತ್ರ ಕೊಳ್ಳಬೇಡಿ. ಪುಕ್ಕಟೆ ಮಾಹಿತಿಯಿಂದ ಪಟ್ಟೆ ಗುರುತಿಸಿ, ಪಟ್ಟೆಯೊಳಗಿನ ಬಡಾವಣೆಗಳಿಗೆ ವಿಮಾನದ ಚಿತ್ರ ತರಿಸಿ, ಅನುಮಾನ ಬಂದ ಮನೆಗೆ ಮಾತ್ರ ಡ್ರೋನ್ ಕಳಿಸಿ. ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿದರೆ ಹಣವೂ ಉಳಿಯುತ್ತದೆ, ಸಮಯವೂ ಉಳಿಯುತ್ತದೆ.

9. ಪ್ರತಿ ಮನೆಗೂ ಅಂಕ ಕೊಟ್ಟು ಪಟ್ಟಿ ಮಾಡಿ, ಏಣಿಯಿಂದ ತಿದ್ದಿ

ಮೈಕ್ರೋಸಾಫ್ಟ್ 2018ರಲ್ಲಿ ಅಮೆರಿಕದ ಸುಮಾರು ಹನ್ನೆರಡೂವರೆ ಕೋಟಿ ಕಟ್ಟಡಗಳ ಹೊರಗೆರೆ ನಕ್ಷೆಯನ್ನು ಎಲ್ಲರಿಗೂ ತೆರೆದಿಟ್ಟಿತು. ಟೆಕ್ಸಾಸ್‌ನ ಕೌಂಟಿ ಕಚೇರಿಗಳ ಆಸ್ತಿ ದಾಖಲೆಯಲ್ಲಿ ಮನೆ ಕಟ್ಟಿದ ವರ್ಷ ಸಿಗುತ್ತದೆ. ಈ ಹೊರಗೆರೆಗಳ ಮೇಲೆ ಆಲಿಕಲ್ಲಿನ ಗಾತ್ರ, ಚಾವಣಿಯ ವಯಸ್ಸು, ವಸ್ತು, ಗಾಳಿಗೆ ಮುಖಮಾಡಿದ ಇಳಿಜಾರು ಇವನ್ನು ಸೇರಿಸಿ ಪ್ರತಿ ಮನೆಗೂ ಅಂಕ ಕೊಡಿ. ಹೆಚ್ಚು ಅಂಕದ ಮನೆ ಮೊದಲು.

ಆಮೇಲೆ ಏಣಿ. ಅಡ್ಜಸ್ಟರ್‌ಗಳು ಪ್ರತಿ ಇಳಿಜಾರಿನಲ್ಲೂ ಸೀಮೆಸುಣ್ಣದಿಂದ ಹತ್ತಡಿಗೆ ಹತ್ತಡಿ ಚೌಕ ಬರೆದು ಅದರೊಳಗಿನ ಹೊಡೆತಗಳನ್ನು ಎಣಿಸುತ್ತಾರೆ. ನಮ್ಮ ಮೇಸ್ತ್ರಿಗಳ 'ಒಂದು ಚದರ'ದಷ್ಟೇ ಅಳತೆ. ಆ ಎಣಿಕೆಯನ್ನು ನಿಮ್ಮ ಪಟ್ಟಿಗೆ ಮರಳಿ ಬರೆಯಿರಿ. ಮುಖ್ಯವಾಗಿ, ನಿಮ್ಮ ಪಟ್ಟಿ ಕಡಿಮೆ ಅಂಕ ಕೊಟ್ಟು 'ಚೆನ್ನಾಗಿದೆ' ಎಂದ ಕೆಲವು ಚಾವಣಿಗಳನ್ನೂ ಹತ್ತಿ ನೋಡಿ. 'ಕೆಟ್ಟಿದೆ' ಎಂದ ಮನೆಗಳನ್ನಷ್ಟೇ ನೋಡುತ್ತಿದ್ದರೆ ಕಣ್ತಪ್ಪಿದ ಹಾನಿ ಎಂದಿಗೂ ಲೆಕ್ಕಕ್ಕೆ ಸಿಗುವುದಿಲ್ಲ.

10. ಕಂಡದ್ದಕ್ಕಿಂತ ಹೆಚ್ಚು ಹೇಳಬೇಡಿ

ಆಲಿಕಲ್ಲು ಬಿದ್ದ ಮರುದಿನವೇ ಹೊರಊರಿನ ರೂಫರ್‌ಗಳು ಬಾಗಿಲು ತಟ್ಟುತ್ತಾರೆ. 'ನಿಮ್ಮ ಚಾವಣಿ ಕೆಟ್ಟಿದೆ, ಉಪಗ್ರಹದಲ್ಲಿ ಕಂಡಿದೆ' ಎಂದು ಯಾರಾದರೂ ಹೇಳಿದರೆ ಅದನ್ನು ಹಾಗೆಯೇ ನಂಬುವಂತಿಲ್ಲವೆಂದು ಈ ಲೇಖನದ ಮೊದಲ ಸೂತ್ರವೇ ಹೇಳುತ್ತದೆ. ನೀವು ಆ ಮಾತು ಆಡಬೇಡಿ. 'ನಿಮ್ಮ ಬೀದಿ ಆಲಿಕಲ್ಲಿನ ಪಟ್ಟೆಯಲ್ಲಿದೆ, ಒಮ್ಮೆ ಹತ್ತಿ ನೋಡಲೇ?' ಎಂದು ಕೇಳಿ. ಅಷ್ಟೇ ನಿಮಗೆ ಗೊತ್ತಿರುವ ಸತ್ಯ.

ಕಾನೂನಿನ ಗೆರೆಯೂ ಸ್ಪಷ್ಟವಿದೆ. ಟೆಕ್ಸಾಸ್‌ನಲ್ಲಿ ರೂಫರ್ ತಾನು ರಿಪೇರಿ ಮಾಡುವ ಮನೆಯ ವಿಮಾ ಕ್ಲೇಮಿನ ವ್ಯವಹಾರವನ್ನು ತಾನೇ ಕುದುರಿಸುವಂತಿಲ್ಲ. ಮನೆಯವರು ಕೈಯಿಂದ ಕಟ್ಟಬೇಕಾದ ಡಿಡಕ್ಟಿಬಲ್ ಹಣವನ್ನು ಮನ್ನಾ ಮಾಡುತ್ತೇನೆಂದು ಆಮಿಷ ಒಡ್ಡುವುದು 2019ರ ಸೆಪ್ಟೆಂಬರ್‌ನಿಂದ ಅಪರಾಧ. ಅಲ್ಲಿ ರೂಫರ್‌ಗಳಿಗೆ ರಾಜ್ಯದ ಲೈಸೆನ್ಸ್ ಕಡ್ಡಾಯವಿಲ್ಲದಿರುವುದರಿಂದ ಮನೆಯವರಿಗೆ ಕೆಲಸಗಾರನ ಮಾತೇ ಆಧಾರ.

ಅಲ್ಲಿ ಮನೆ ಮಾಡಿಕೊಂಡಿರುವ ನಮ್ಮವರಿಗೂ ಒಂದು ಮಾತು. ಪ್ರತಿ ಫೆಬ್ರುವರಿಯಲ್ಲಿ ಚಾವಣಿ, ಗಟರು, ಎಸಿ ಯಂತ್ರಗಳ ಫೋಟೊ ತೆಗೆದು ತಾರೀಖಿನ ಸಮೇತ ಇಟ್ಟುಕೊಳ್ಳಿ. ಪಾಲಿಸಿಯಲ್ಲಿ ಗಾಳಿ ಮತ್ತು ಆಲಿಕಲ್ಲಿನ ಡಿಡಕ್ಟಿಬಲ್ ಎಷ್ಟೆಂದು ಈಗಲೇ ಓದಿ. ಅದು ಮನೆಯ ವಿಮಾ ಮೊತ್ತದ ಶೇಕಡಾ ಒಂದೋ ಎರಡೋ ಆಗಿರುವುದು ಸಾಮಾನ್ಯ. ನಾಲ್ಕು ಲಕ್ಷ ಡಾಲರಿಗೆ ವಿಮೆ ಮಾಡಿಸಿದ ಮನೆಗೆ ಶೇಕಡಾ ಎರಡೆಂದರೆ ಎಂಟು ಸಾವಿರ ಡಾಲರ್ ನಿಮ್ಮ ಕೈಯಿಂದಲೇ. ಆಲಿಕಲ್ಲು ಬಿದ್ದ ಮೇಲೆ ಒತ್ತಾಯಕ್ಕೆ ಮಣಿದು ಬಾಗಿಲಲ್ಲೇ ಸಹಿ ಹಾಕಬೇಡಿ. ಮೊದಲು ನಿಮ್ಮ ವಿಮಾ ಕಂಪನಿಗೆ ಫೋನ್ ಮಾಡಿ.

ಈ ಕೆಲಸದಲ್ಲಿ ಹೆಸರು ಮಾಡಬೇಕೆಂದರೆ ಒಂದು ಸೀಸನ್ ಸಾಲದು. ಆಲಿಕಲ್ಲು ಮುಂದಿನ ವರ್ಷವೂ ಬೀಳುತ್ತದೆ. ಆಗ ಜನ ಕರೆಯುವುದು, 'ನಿಮ್ಮ ಚಾವಣಿಗೆ ಏನೂ ಆಗಿಲ್ಲ, ಖರ್ಚು ಮಾಡಬೇಡಿ' ಎಂದು ಕಳೆದ ವರ್ಷ ಹೇಳಿ ಹೋದವರನ್ನೇ.