‘ಮರ್ಯಾದಿತ’ ಎಂದರೇನು? ಸೀಮಿತ ಹೊಣೆಯ ಕಂಪನಿಯನ್ನು ಕುರಿತ ಪಾಠ

ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಭಾಗದ ನಮ್ಮ ವಿದ್ಯಾರ್ಥಿಗಳು ‘ಮರ್ಯಾದಿತ’ ಎಂಬ ಶಬ್ದವನ್ನು ಹಾಲಿನ ಸಂಘ, ಪತಸಂಸ್ಥೆ, ಸಕ್ಕರೆ ಕಾರಖಾನೆಗಳ ಫಲಕಗಳ ಮೇಲೆ ನಿತ್ಯವೂ ಓದುತ್ತಾರೆ. ಕನ್ನಡದ ಮಗು ಅದನ್ನು ಗೌರವಸೂಚಕವೆಂದು ತಿಳಿಯುವುದು ಸಹಜ. ನಮ್ಮ ಆಡುಮಾತಿನಲ್ಲಿ ಮರ್ಯಾದೆ ಎಂದರೆ ಮಾನ. ಆದರೆ ಸಂಸ್ಕೃತದಲ್ಲಿ ಆ ಪದಕ್ಕೆ ಎಲ್ಲೆ, ಮೇರೆ ಎಂಬ ಅರ್ಥವೂ ಉಂಟು. ಮರಾಠಿ ಫಲಕ ಹೇಳುವುದು ಅದನ್ನೇ. ಕರ್ನಾಟಕದ ಸಹಕಾರ ಸಂಘಗಳು ‘ನಿಯಮಿತ’ ಎಂದೂ ಕಂಪನಿಗಳು ‘ಲಿಮಿಟೆಡ್’ ಎಂದೂ ಬರೆದುಕೊಳ್ಳುವುದು ಇದೇ ಅರ್ಥದಲ್ಲಿ. ಎಲ್ಲೆ ಯಾವುದಕ್ಕೆ? ವ್ಯಾಪಾರಕ್ಕಲ್ಲ, ಲಾಭಕ್ಕೂ ಅಲ್ಲ. ಸದಸ್ಯರು ಹೊರಬೇಕಾದ ಸಾಲದ ಹೊಣೆಗೆ. ಪಾಠವನ್ನು ಈ ಪ್ರಶ್ನೆಯಿಂದಲೇ ಆರಂಭಿಸುವುದು ಲೇಸು.

ಉದಾಹರಣೆಗೆ, ನೆರೆಹೊರೆಯ ಇಬ್ಬರು ಹೆಣ್ಣುಮಕ್ಕಳು ಶೇಂಗಾ ಚಟ್ನಿ, ಕಡಕ್ ರೊಟ್ಟಿ ಮಾಡಿ ಮಾರುವ ಉದ್ಯೋಗ ಹೂಡಿದರೆಂದು ಭಾವಿಸೋಣ. ತಲಾ 50,000 ರೂಪಾಯಿ ಹಾಕಿದ್ದಾರೆ. ವ್ಯಾಪಾರ ಮುಳುಗಿದಾಗ 6 ಲಕ್ಷ ಸಾಲ ಉಳಿದಿದೆ. ಯಂತ್ರ, ದಾಸ್ತಾನು ಮಾರಿದರೆ 2 ಲಕ್ಷ ಬಂದಿದೆ. ಉಳಿದ 4 ಲಕ್ಷ ಯಾರದು? ಅವರು ಪಾಲುದಾರರಾಗಿದ್ದರೆ, 1932ರ ಪಾಲುದಾರಿಕೆ ಕಾಯಿದೆಯ ಪ್ರಕಾರ ಇಬ್ಬರೂ ಹೊಣೆ. ಸಾಲಗಾರನಿಗೆ ಕೊಟ್ಟವನು ಇಡೀ ಮೊತ್ತವನ್ನು ಒಬ್ಬಳಿಂದಲೇ ವಸೂಲು ಮಾಡಬಹುದು. ಆಕೆಯ ಮನೆಯೂ ಬಂಗಾರವೂ ಅಪಾಯಕ್ಕೆ ಸಿಲುಕುತ್ತವೆ. ಅವರದು ಪ್ರೈವೇಟ್ ಲಿಮಿಟೆಡ್ ಕಂಪನಿಯಾಗಿದ್ದು, ಷೇರಿನ ಹಣವನ್ನು ಪೂರ್ತಿ ಕಟ್ಟಿದ್ದರೆ, ಹೋಗುವುದು ಆ 50,000 ಮಾತ್ರ. ಸಾಲ ಕಂಪನಿಯದು, ಅವರದಲ್ಲ.

‘ಕಂಪನಿ ಎಂದರೆ ಅವರೇ ಅಲ್ಲವೇ?’ ಎಂದು ಜಾಣ ವಿದ್ಯಾರ್ಥಿ ಕೇಳಿಯೇ ಕೇಳುತ್ತಾನೆ. ಲಂಡನ್ನಿನ ಬೂಟು ತಯಾರಕ ಆರನ್ ಸಾಲೊಮನ್ ತನ್ನ ಉದ್ಯಮವನ್ನು ಕಂಪನಿಯಾಗಿಸಿ, 20,007 ಷೇರುಗಳಲ್ಲಿ 20,001ನ್ನು ತಾನೇ ಇಟ್ಟುಕೊಂಡಿದ್ದ. ಉಳಿದ ಆರು ಹೆಂಡತಿ ಮಕ್ಕಳ ಹೆಸರಿನಲ್ಲಿದ್ದವು. ಕಂಪನಿ ಮುಳುಗಿದ ಮೇಲೆ ಸಾಲ ಕೊಟ್ಟವರ ಪರವಾಗಿ ಇದೇ ಪ್ರಶ್ನೆ ಎದ್ದಿತು. 1896ರಲ್ಲಿ ಅಲ್ಲಿನ ಅತ್ಯುಚ್ಚ ಪೀಠ, ಕಂಪನಿ ಬೇರೆ ವ್ಯಕ್ತಿ, ಸಾಲೊಮನ್ ಬೇರೆ ವ್ಯಕ್ತಿ ಎಂದು ತೀರ್ಪಿತ್ತಿತು. ನಮ್ಮ ಕಂಪನಿ ಕಾನೂನು ಕೂಡ ಇದೇ ತತ್ತ್ವದ ಮೇಲೆ ನಿಂತಿದೆ.

ಸ್ಥಾಪನೆಯ ಕ್ರಮವನ್ನು ದೀರ್ಘವಾಗಿ ಬೆಳೆಸುವ ಅಗತ್ಯವಿಲ್ಲ. 2013ರ ಕಂಪನಿ ಕಾಯಿದೆಯಂತೆ ಪ್ರೈವೇಟ್ ಕಂಪನಿಗೆ ಕನಿಷ್ಠ ಇಬ್ಬರು ಸದಸ್ಯರು, ಇಬ್ಬರು ನಿರ್ದೇಶಕರು ಬೇಕು, ಅವರೇ ಇವರಾಗಿರಬಹುದು. ಒಂಟಿಯಾಗಿ ಉದ್ಯಮ ಹೂಡುವವರಿಗೆ ಏಕವ್ಯಕ್ತಿ ಕಂಪನಿಯ ಅವಕಾಶವಿದೆ. ಹೆಸರಿಗೆ ಒಪ್ಪಿಗೆ ಪಡೆದು, ಉದ್ದೇಶಗಳನ್ನು ಹೇಳುವ ಮೆಮೊರಾಂಡಮ್ ಹಾಗೂ ಒಳಾಡಳಿತದ ನಿಯಮಗಳಿರುವ ಆರ್ಟಿಕಲ್ಸ್ ಎಂಬ ಪತ್ರಗಳನ್ನು ಆನ್‌ಲೈನ್ ಮೂಲಕ ರಿಜಿಸ್ಟ್ರಾರರಿಗೆ ಸಲ್ಲಿಸಬೇಕು. ಪ್ರಮಾಣಪತ್ರ ಬಂದ ದಿನವೇ ಕಂಪನಿ ಹುಟ್ಟಿದ ದಿನ. ಕನಿಷ್ಠ 1 ಲಕ್ಷ ರೂಪಾಯಿ ಬಂಡವಾಳವಿರಬೇಕೆಂಬ ನಿಬಂಧನೆಯನ್ನು 2015ರಲ್ಲಿ ತೆಗೆದುಹಾಕಲಾಗಿದೆ. ಹಳೆಯ ಟಿಪ್ಪಣಿಗಳಿಂದ ಪಾಠ ಮಾಡುವವರು ಇದನ್ನು ಗಮನಿಸಬೇಕು.

ಪಠ್ಯಪುಸ್ತಕಗಳು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲುತ್ತವೆ. ಬದುಕಿನಲ್ಲಿ ಮುಖ್ಯವಾದ ಮಾತು ಇನ್ನೂ ಇದೆ. ಹೊಸ ಕಂಪನಿಗೆ ಸಾಲ ಕೊಡುವ ಬ್ಯಾಂಕು ನಿರ್ದೇಶಕರ ವೈಯಕ್ತಿಕ ಜಾಮೀನು ಕೇಳುವುದು ವಾಡಿಕೆ. ಜಾಮೀನು ಪತ್ರಕ್ಕೆ ಸಹಿ ಬಿದ್ದೊಡನೆ, ಕಾನೂನು ಹಾಕಿಕೊಟ್ಟ ಎಲ್ಲೆಯನ್ನು ಆ ಸಾಲದ ಮಟ್ಟಿಗೆ ಸಹಿ ಮಾಡಿದವರೇ ದಾಟಿದಂತೆ. ಮೋಸದ ವ್ಯವಹಾರ ನಡೆಸಿದವರಿಗೂ ಆ ಎಲ್ಲೆಯ ಆಸರೆ ಸಿಗದು. ಮನೆಯ ಹಿರಿಯರು ಓದದ ಭಾಷೆಯಲ್ಲಿರುವ ಪತ್ರಕ್ಕೆ ಸಹಿ ಹಾಕುವ ಸಂದರ್ಭ ನಮ್ಮ ಗಡಿಭಾಗದಲ್ಲಿ ಅಪರೂಪವಲ್ಲವಾದ್ದರಿಂದ, ಈ ಭಾಗಕ್ಕೆ ಒಂದು ಪೂರ್ತಿ ಅವಧಿಯನ್ನೇ ಕೊಡಬಹುದು.

ಅಭ್ಯಾಸ: ಅದೇ ಇಬ್ಬರು ಹೆಣ್ಣುಮಕ್ಕಳು 10 ರೂಪಾಯಿ ಮುಖಬೆಲೆಯ 5,000 ಷೇರುಗಳನ್ನು ತಲಾ ಪಡೆದು, ಷೇರೊಂದಕ್ಕೆ 6 ರೂಪಾಯಿ ಮಾತ್ರ ಕಟ್ಟಿದ್ದಾರೆ. ಕಂಪನಿ ಮುಳುಗಿದರೆ ಪ್ರತಿಯೊಬ್ಬಳೂ ಇನ್ನೆಷ್ಟು ಕೊಡಬೇಕಾದೀತು? (20,000 ರೂಪಾಯಿ.) ಒಬ್ಬಳು ಬ್ಯಾಂಕಿನ 3 ಲಕ್ಷದ ಸಾಲಕ್ಕೆ ಜಾಮೀನು ನಿಂತಿದ್ದರೆ ಉತ್ತರ ಹೇಗೆ ಬದಲಾಗುತ್ತದೆ ಎಂಬುದನ್ನು ಗುಂಪುಗಳಲ್ಲಿ ಚರ್ಚಿಸಲಿ.