ಕಾಯಕದಲ್ಲಿ ತಪ್ಪೊಪ್ಪಿಗೆ



ಕಾಯಕವೆಂದರೆ ಬರಿಯ ದುಡಿಮೆಯಲ್ಲ, ಸತ್ಯಶುದ್ಧವಾದ ದುಡಿಮೆ ಎಂಬುದನ್ನು ನಾವೆಲ್ಲರೂ ಬಲ್ಲೆವು. ಆದರೆ ಸತ್ಯಶುದ್ಧನಾದ ಕಾಯಕಜೀವಿಯ ಕೈಯಿಂದಲೂ ತಪ್ಪು ಘಟಿಸುವುದುಂಟು. ಆಗ ಅವನ ಧರ್ಮವೇನು? ವೀಣೆಯ ನಿರ್ಮಾಣವನ್ನೇ ನಿದರ್ಶನವಾಗಿ ಇಟ್ಟುಕೊಂಡು ಇದನ್ನು ವಿಚಾರಿಸೋಣ. ತಮ್ಮ ದೇಹವನ್ನೇ ತಂತಿವಾದ್ಯವಾಗಿಸಿ ನುಡಿಸೆಂದು ಬಸವಣ್ಣನವರು ಒಂದು ವಚನದಲ್ಲಿ ಕೂಡಲಸಂಗಮನನ್ನು ಬೇಡಿರುವುದರಿಂದ ಈ ನಿದರ್ಶನವು ನಮಗೆ ಹೊರಗಿನದಲ್ಲ.

ವೀಣೆಯ ಕೊಡವನ್ನೂ ದಂಡಿಯನ್ನೂ ಸಾಮಾನ್ಯವಾಗಿ ಹಲಸಿನ ಮರದಿಂದ ಮಾಡುವರು. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಗಳ ನಮಗೆ ಹಲಸೂ ಹೊಸದಲ್ಲ. ವೀಣೆ ಶೇಷಣ್ಣನವರು (1852–1926) ಬಾಳಿದ ಮೈಸೂರೂ ದೂರವಲ್ಲ. ದಂಡಿಯ ಮೇಲೆ ಮೇಣವನ್ನು ಹಾಸಿ, ಅದರಲ್ಲಿ ಲೋಹದ 24 ಮೆಟ್ಟಿಲುಗಳನ್ನು ಸ್ವರಸ್ಥಾನಕ್ಕೆ ಸರಿಯಾಗಿ ಕೂಡಿಸುವುದಕ್ಕೆ ಮೇಳ ಕಟ್ಟುವುದು ಎನ್ನುವರು. ತಂತಿಯ ನಡುಭಾಗದಲ್ಲಿ ಬರುವ 12ನೆಯ ಮೆಟ್ಟಿಲು ಬಿಡಿತಂತಿಯ ಸ್ವರವನ್ನೇ ಒಂದು ಸ್ಥಾಯಿ ಮೇಲೆ ನುಡಿಸಬೇಕು. ಬೆರಳು ಒತ್ತಿದಾಗ ತಂತಿ ಬಿಗಿದು ಸ್ವರ ತುಸು ಏರುವುದರಿಂದ ಅಳತೆಗೋಲೊಂದನ್ನೇ ನಂಬುವಂತಿಲ್ಲ. ಕಡೆಯ ತೀರ್ಪು ಕಿವಿಯದು.

ಕೆಲವು ವರ್ಷಗಳ ಹಿಂದೆ ನನ್ನ ತಮ್ಮನ ಮಗಳಿಗೆಂದು ಹೇಳಿ ಮಾಡಿಸಿದ ವೀಣೆಯಲ್ಲಿ ಮೇಲಿನ ಸ್ವರಗಳು ತಪ್ಪಿ ನುಡಿಯತೊಡಗಿದವು. ಶಾಸ್ತ್ರವನ್ನು ಓದಿದ ಗರ್ವದಿಂದ ನಾನು, "ನಿನ್ನ ಬೆರಳೇ ಸರಿಯಿಲ್ಲ" ಎಂದು ಮಗುವನ್ನು ಗದರಿದೆನು. ಅವಳು ವೀಣೆಗೆ ಗವುಸು ತೊಡಿಸಿ ಮೂಲೆಗಿಟ್ಟಳು. ಕಡೆಗೆ ಅದನ್ನು ಮಾಡಿದಾತನ ಬಳಿಗೆ ಒಯ್ದೆವು. ಆತನು ಮೀಟಿ ನೋಡಿ, ದಂಡಿಯ ಉದ್ದಕ್ಕೂ ದಾರ ಹಿಡಿದು ನೋಡಿ, "ಮಗುವಿನ ಕೈಯಲ್ಲಿ ದೋಷವಿಲ್ಲ, ಮೇಷ್ಟ್ರೆ. ಮರ ಪೂರ್ತಿ ಆರುವ ಮೊದಲೇ ನಾನು ಆತುರಪಟ್ಟೆ. ದಂಡಿ ಬಾಗಿದೆ" ಎಂದನು. ಮೇಣವನ್ನು ಕಾಯಿಸಿ ಎರಡು ಮೆಟ್ಟಿಲುಗಳನ್ನು ಸರಿಸಿಕೊಟ್ಟಿದ್ದರೆ ನಾವು ಸಂತೋಷದಿಂದಲೇ ಮರಳುತ್ತಿದ್ದೆವು. ಹಾಗೆ ಮಾಡದೆ ಆತನು ಮೇಣವನ್ನೆಲ್ಲ ತೆಗೆದು, ದಂಡಿಯನ್ನು ನೆಟ್ಟಗೆ ಮಾಡಿ, 24 ಮೆಟ್ಟಿಲುಗಳನ್ನೂ ಹೊಸದಾಗಿ ಕೂಡಿಸಿದನು, ಕೂಲಿಯನ್ನು ಮುಟ್ಟಲಿಲ್ಲ. ಆ ದಿನ ನಾನೂ ಮಗುವಿನ ಮುಂದೆ, "ಗದರಿದ್ದು ನನ್ನ ತಪ್ಪು, ತಾಯಿ" ಎಂದು ಒಪ್ಪಿಕೊಂಡೆನು.

ಇದರಿಂದ ತಿಳಿಯಬೇಕಾದುವು ಮೂರು. ಮೊದಲನೆಯದು, ಮುಚ್ಚಿಟ್ಟ ತಪ್ಪು ನಿರಪರಾಧಿಯ ತಲೆಗೆ ಸುತ್ತಿಕೊಳ್ಳುತ್ತದೆ. ಆದುದರಿಂದ ಒಪ್ಪಿಗೆ ತಡವಾಗಬಾರದು. ಎರಡನೆಯದು, ಮರದ ದೋಷಕ್ಕೆ ಮೇಣದ ತೇಪೆ ಸಲ್ಲದು, ಬೇರಿನಲ್ಲಿಯೇ ಸರಿಪಡಿಸಬೇಕು. ಮೂರನೆಯದು, ನಷ್ಟವನ್ನು ತಪ್ಪು ಮಾಡಿದವನೇ ಹೊರಬೇಕು.

ಆಯ್ದಕ್ಕಿ ಮಾರಯ್ಯನು ಒಂದು ದಿನ ನಿತ್ಯಕ್ಕಿಂತ ಹೆಚ್ಚಾಗಿ ಅಕ್ಕಿಯನ್ನು ಆಯ್ದು ತಂದಾಗ ಲಕ್ಕಮ್ಮನು ಅದನ್ನು ತಂದಲ್ಲಿಯೇ ಸುರಿದು ಬರುವಂತೆ ಕಳುಹಿಸಿದ ಪ್ರಸಂಗವನ್ನು ನೆನೆಯಿರಿ. ಮಾರಯ್ಯನು ವಾದಿಸಲಿಲ್ಲ, ಹಿಂದಿರುಗಿ ನಡೆದನು. ಅದರಿಂದ ಆತನ ಮಾನ ಕುಂದಲಿಲ್ಲ. ಇಂದಿಗೂ ಶರಣರ ಸಾಲಿನಲ್ಲಿ ಆತನನ್ನು ನೆನೆಯುತ್ತೇವೆ.

ಗೃಹಸ್ಥರಾದ ನಾವು ತೂಕದಲ್ಲಿ, ಲೆಕ್ಕದಲ್ಲಿ, ಮಕ್ಕಳನ್ನು ಶಿಕ್ಷಿಸುವಲ್ಲಿ ದಿನವೂ ಎಡವುತ್ತೇವೆ. ಮೇಣ ಬೆಚ್ಚಗಿರುವಾಗಲೇ ಮೆಟ್ಟಿಲು ಸರಿಯುತ್ತದೆ. ಇಂದು ಮಾಡಿದ ತಪ್ಪನ್ನು ಇಂದೇ ಒಪ್ಪಿ, ಲಿಂಗಪೂಜೆಗೆ ಕುಳಿತುಕೊಳ್ಳುವುದು ಲೇಸು.