ತಾರಸಿಯ ಸದ್ದು, ಎರಡನೇ ಮಹಡಿಯ ನಾಯಿ

ಬೆಂಗಳೂರಿನ ವಸತಿ ಬೀದಿಗಳ ರಾತ್ರಿ ಸದ್ದಿಗೆ ಸಂಬಂಧಿಸಿದ ನಿಯಮಗಳು ಒಂದೇ ಕಚೇರಿಯ ಕೈಯಲ್ಲಿಲ್ಲ. ಹೋಟೆಲಿಗೆ ಉದ್ದಿಮೆ ಪರವಾನಗಿ ಕೊಡುವುದು ಪಾಲಿಕೆ. ಅಲ್ಲಿ ಲೈವ್ ಬ್ಯಾಂಡ್, ಕುಣಿತ ನಡೆಸಲು ಪೊಲೀಸ್ ಕಮಿಷನರ್ ಅನುಮತಿ ಬೇಕು. ಸಾರ್ವಜನಿಕ ಮನರಂಜನಾ ಸ್ಥಳಗಳ ಕುರಿತ 2005ರ ಆದೇಶ ಹಾಗೆ ಹೇಳುತ್ತದೆ. ರೆಸ್ಟೋರೆಂಟ್ ಮಾಲೀಕರ ಸಂಘ ಅದನ್ನು ಸುಪ್ರೀಂ ಕೋರ್ಟಿನವರೆಗೆ ಒಯ್ದಿತ್ತು. 2018ರಲ್ಲಿ ಕೋರ್ಟು ಆದೇಶವನ್ನು ಎತ್ತಿಹಿಡಿಯಿತು. ಸದ್ದಿನ ಮಿತಿಯಂತೂ ಕೇಂದ್ರ ಸರ್ಕಾರದ್ದು, 2000ದ ಶಬ್ದ ಮಾಲಿನ್ಯ ನಿಯಮಗಳಲ್ಲಿದೆ. ಈ ಬಾಗಿಲುಗಳು ಬೇರೆಬೇರೆ ಎಂದು ತಿಳಿಯುವಷ್ಟರಲ್ಲಿ ಹೋಟೆಲೊಂದರ ತಾರಸಿಯ ಸದ್ದಿನ ಬಗ್ಗೆ ಈ ಲೇಖಕ ಕೊಟ್ಟ ಮೊದಲ ಎರಡು ಅರ್ಜಿಗಳು ತಪ್ಪು ಮೇಜಿನ ಮೇಲೆ ವಾರಗಟ್ಟಲೆ ಕುಳಿತಿದ್ದವು.

2000ದ ನಿಯಮಗಳ ಪ್ರಕಾರ ರಾತ್ರಿ ಎಂದರೆ ಹತ್ತರಿಂದ ಬೆಳಗ್ಗೆ ಆರು. ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬಲ್. ವಾಣಿಜ್ಯ ಪ್ರದೇಶಕ್ಕೆ 65 ಮತ್ತು 55. ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತಲಿನ ನಿಶ್ಶಬ್ದ ವಲಯಕ್ಕೆ 50 ಮತ್ತು 40. ಹತ್ತು ಡೆಸಿಬಲ್ ಹೆಚ್ಚಿತೆಂದರೆ ಸದ್ದಿನ ಶಕ್ತಿ ಹತ್ತು ಪಟ್ಟಾಗುತ್ತದೆ. ಆದ್ದರಿಂದ ಮುಖ್ಯರಸ್ತೆಗೆ ಮುಖ ಮಾಡಿ, ಬೆನ್ನನ್ನು ಮನೆಗಳಿಗೆ ಕೊಟ್ಟು ನಿಂತ ಕಟ್ಟಡ ಯಾವ ಪ್ರದೇಶಕ್ಕೆ ಸೇರಿದ್ದು ಎಂಬುದು ಸಣ್ಣ ತಕರಾರಲ್ಲ. ಖಾಸಗಿ ಜಾಗದ ಧ್ವನಿವ್ಯವಸ್ಥೆಯ ಸದ್ದು ಅದರ ಗಡಿಯಲ್ಲಿ ಪ್ರದೇಶದ ಮಿತಿಗಿಂತ 5 ಡೆಸಿಬಲ್‌ಗಿಂತ ಹೆಚ್ಚು ಮೀರಬಾರದು. ಅಳತೆ ಕಾಂಪೌಂಡಿನ ಹತ್ತಿರ ಆಗಬೇಕೇ ಹೊರತು ದೂರುದಾರನ ಹಾಸಿಗೆಯ ಪಕ್ಕದಲ್ಲಲ್ಲ.

ರಾತ್ರಿ ಹತ್ತರ ನಂತರ ಧ್ವನಿವರ್ಧಕ, ವಾದ್ಯ ಬಳಸಬಹುದಾದದ್ದು ಸಭಾಂಗಣ, ಸಮುದಾಯ ಭವನಗಳಂಥ ಮುಚ್ಚಿದ ಜಾಗದೊಳಗೆ, ಅಲ್ಲಿದ್ದವರಿಗೆ ಕೇಳುವಷ್ಟಕ್ಕೆ ಮಾತ್ರ. ಧಾರ್ಮಿಕ, ಸಾಂಸ್ಕೃತಿಕ ಸಂದರ್ಭಗಳಿಗೆಂದು ರಾಜ್ಯ ಸರ್ಕಾರ ವರ್ಷಕ್ಕೆ ಒಟ್ಟು 15 ದಿನ ಮೀರದಂತೆ ಮಧ್ಯರಾತ್ರಿಯವರೆಗೆ ಸಡಿಲಿಕೆ ಕೊಡಬಹುದು. ವಾರಾಂತ್ಯದ ಪಾರ್ಟಿ ಆ ಪಟ್ಟಿಗೆ ಸೇರುವುದಿಲ್ಲ. ಮೇಲೊಂದು ಶೀಟು ಹೊದಿಸಿ ಮೂರು ಕಡೆ ತೆರೆದಿಟ್ಟ ತಾರಸಿ ಮುಚ್ಚಿದ ಜಾಗವೂ ಅಲ್ಲ. ಈ ಒಂದು ಅಂಶ ಹಿಡಿದು ಬರೆದ ದೂರಿಗೆ ಸಿಕ್ಕ ತೂಕ, ನಿದ್ದೆಗೆಟ್ಟ ಸಂಕಟವನ್ನು ಎರಡು ಪುಟ ತೋಡಿಕೊಂಡ ಅರ್ಜಿಗೆ ಸಿಕ್ಕಿರಲಿಲ್ಲ.

ಅಳತೆಯಲ್ಲೇ ಒಂದು ತೊಡಕಿದೆ. ನಿಯಮದ ಡೆಸಿಬಲ್ ‘ಎ’ ಮಾಪನದ್ದು. ಮನುಷ್ಯನ ಕಿವಿ ಕೇಳಿಸಿಕೊಳ್ಳುವ ಬಗೆಯನ್ನು ಅನುಸರಿಸಿ ಅದು ತಗ್ಗಿನ ಸ್ವರಗಳನ್ನು ಕಡಿಮೆ ಎಣಿಸುತ್ತದೆ. 63 ಹರ್ಟ್ಸ್‌ನ ಸದ್ದಿನಿಂದ ಸುಮಾರು 26 ಡೆಸಿಬಲ್ ಕಳೆದೇ ತೋರಿಸುತ್ತದೆ. ಅಂದರೆ 70 ಡೆಸಿಬಲ್‌ನ ಬಾಸ್ ಮೀಟರಿನಲ್ಲಿ 44 ಆಗಿ, ವಸತಿ ಪ್ರದೇಶದ ರಾತ್ರಿ ಮಿತಿಯೊಳಗೇ ಬಂದುಬಿಡುತ್ತದೆ. ಅಡುಗೆಮನೆಯ ಕಟ್ಟೆಯ ಮೇಲೆ ಮಗುಚಿಟ್ಟ ಸ್ಟೀಲ್ ಲೋಟಗಳು ಒಂದಕ್ಕೊಂದು ತಾಗಿ ಕಿಣಿಕಿಣಿ ಅನ್ನುತ್ತಿದ್ದಾಗಲೂ ದೂರಿನ ಮೇಲೆ ಬಂದ ಸಿಬ್ಬಂದಿ ‘ಅಷ್ಟೇನಿಲ್ಲ ಸಾರ್’ ಎಂದದ್ದು ಸುಳ್ಳಲ್ಲ. ಮೊಬೈಲ್ ಆ್ಯಪ್‌ನ ಅಂಕಿಯಂತೂ ಸಾಕ್ಷಿಯಾಗಿ ನಿಲ್ಲುವುದಿಲ್ಲ. ನಿಂತದ್ದು ದಿನಾಂಕ, ಶುರುವಾದ ಹೊತ್ತು, ಮುಗಿದ ಹೊತ್ತು ಬರೆದಿಟ್ಟ ನೋಟ್‌ಬುಕ್ಕು. ಆ ಕ್ಷಣಕ್ಕೆ 112ಕ್ಕೆ ಕರೆ, ಮರುದಿನ ಠಾಣೆಗೆ ಲಿಖಿತ ದೂರು, ಅದರ ಪ್ರತಿಯ ಮೇಲೆ ಸ್ವೀಕೃತಿ ಮೊಹರು. ಈ ಮೂರೂ ಸೇರಿದಾಗ ಕಡತ ಮುಂದೆ ಸರಿಯಿತು.

ಸಾಕುನಾಯಿಯ ವಿಷಯ ಇಷ್ಟು ಖಚಿತವಲ್ಲ. ಬೊಗಳುವಿಕೆಗೆಂದು 2000ದ ನಿಯಮಗಳಲ್ಲಿ ಪ್ರತ್ಯೇಕ ಮಿತಿ ಇಲ್ಲ. 2018ರಲ್ಲಿ ಪಾಲಿಕೆ ಫ್ಲ್ಯಾಟಿಗೆ ಒಂದು, ಸ್ವಂತ ಮನೆಗೆ ಮೂರು ನಾಯಿ ಎಂಬ ಮಿತಿ ತರಹೊರಟು, ವಿರೋಧ ಬಂದ ಮೇಲೆ ತಡೆಹಿಡಿಯಿತು. ಬಹುಮತದ ನಿರ್ಣಯದಿಂದಲೂ ಅಪಾರ್ಟ್‌ಮೆಂಟ್ ಸಂಘ ನಾಯಿ ಸಾಕುವುದನ್ನು ನಿಷೇಧಿಸುವಂತಿಲ್ಲ ಎಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ 2015ರ ಮಾರ್ಗಸೂಚಿ ಹೇಳುತ್ತದೆ. ಹಾಗೆಂದು ಮಾಲೀಕರಿಗೆ ಹೊಣೆಯಿಲ್ಲವೆಂದಲ್ಲ. ತಮ್ಮ ಪ್ರಾಣಿಯಿಂದ ಇನ್ನೊಬ್ಬರ ಜೀವಕ್ಕೆ ಅಪಾಯ ಅಥವಾ ತೀವ್ರ ಗಾಯ ಆಗದಂತೆ ನೋಡಿಕೊಳ್ಳದಿದ್ದರೆ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಂ ಆರು ತಿಂಗಳವರೆಗೆ ಸೆರೆ ಅಥವಾ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡನ್ನೂ ವಿಧಿಸುತ್ತದೆ.

ಎರಡನೇ ಮಹಡಿಯ ನಾಯಿಯ ಮೇಲೂ ಸಂಘದಲ್ಲಿ ದೂರು ಎದ್ದಿತ್ತು. ‘ಆಂಟಿ, ರಾತ್ರಿ ಎಷ್ಟೊತ್ತಿಗೆ ಶುರು ಮಾಡುತ್ತೆ?’ ಎಂದು ಅದರ ಒಡತಿಯನ್ನು ಯಾರೂ ಕೇಳಿರಲಿಲ್ಲ. ಕೇಳಿದಾಗ ಅವರು ಹೇಳಿದ ಹೊತ್ತುಗಳನ್ನು ನೋಟ್‌ಬುಕ್ಕಿನ ಪಕ್ಕದಲ್ಲಿಟ್ಟು ನೋಡಿದರೆ, ತಾರಸಿಯಲ್ಲಿ ಬಾಸ್ ಏರಿದ ರಾತ್ರಿಗಳಲ್ಲೇ ಅದು ಬೊಗಳಿತ್ತು. ಸ್ಪೀಕರುಗಳು ಗೋಡೆಯಂಚಿನಿಂದ ಇಳಿದು ಒಳಮುಖವಾದ ಮೇಲೆ, ನಾಯಿಯ ಹಾಸಿಗೆ ಹಿಂದಿನ ಕೋಣೆಗೆ ಹೋದ ಮೇಲೆ, ಸಂಘದ ಕಾರ್ಯಸೂಚಿಯಿಂದ ಆ ದೂರು ಬಿಟ್ಟುಹೋಯಿತು.